ಒಡೆಯದೆ ಬಿಟ್ಟ ಬದು

ನಾನು ಎಸೆದ ಹಿಮದ ಉಂಡೆ ನೇರವಾಗಿ ಗ್ರೇಡರಿನ ಗಾಜಿಗೆ ಬಡಿಯಿತು. ನನ್ನ ಗುರಿ ಅಷ್ಟು ಚೆನ್ನಾಗಿದೆಯೆಂದು ನನಗೇ ಗೊತ್ತಿರಲಿಲ್ಲ. ರಸ್ತೆಯ ಹಿಮ ಕೆರೆಯುತ್ತಿದ್ದ ಆ ದೊಡ್ಡ ಹಳದಿ ಗಾಡಿ ಗೊರಗುಟ್ಟುತ್ತ ನಿಂತಿತು. ಬಾಗಿಲು ತೆರೆದು ಉಣ್ಣೆ ಟೋಪಿಯ ಗಂಡಸೊಬ್ಬ ಮೇಲಿನಿಂದ ಇಣುಕಿದ.

“ನಿಮಗೆ ಬುದ್ಧಿ ಇದೆಯೇನ್ರೀ?” ಎಂದು ಕೂಗಿದೆ.

“ಇದೆ ಮೇಡಂ. ಡ್ಯೂಟೀಲಿ ಬಳಸೋ ಹಾಗಿಲ್ಲ, ಅಷ್ಟೆ.”

ನಾನು ನಗಲಿಲ್ಲ. ಮೈನಸ್ ಇಪ್ಪತ್ತಾರರಲ್ಲಿ ನಗು ಬರುವುದೂ ಇಲ್ಲ. ಫುಟ್‌ಪಾತು ರಸ್ತೆಗೆ ಇಳಿಯುವ ಮೂಲೆಯಲ್ಲಿ ಅವನ ಗಾಡಿ ತಳ್ಳಿಹೋಗಿದ್ದ ಹಿಮ ಹೊಲದ ಬದುವಿನ ಹಾಗೆ ಮೊಣಕಾಲೆತ್ತರ ನಿಂತಿತ್ತು. ಇನ್ನೊಂದು ಗಂಟೆಯಲ್ಲಿ ಅದು ಕಲ್ಲಾಗುತ್ತದೆ.

“ಇದನ್ನ ನಾನು ಹಾರ್ಕೊಂಡು ಹೋಗಬೇಕಾ?”

ಆಗ ಅವನು ನನ್ನ ವೀಲ್‌ಚೇರ್ ನೋಡಿದ. ಮುಖ ಪೆಚ್ಚಾಯಿತು. “ನಮಗೆ ರಸ್ತೆ ಮಾತ್ರ ಮೇಡಂ. ಫುಟ್‌ಪಾತಿನವರು ಬೇರೆ, ಅವರು ಮೂರನೇ ದಿನ ಬರ್ತಾರೆ. ಪಾಲಿಕೆಗೆ ಒಂದು ಫೋನ್ ಮಾಡಿ.”

“ಮೂರು ದಿನ ನಾನು ಕರಡಿ ಥರ ಗುಹೇಲಿ ಮಲಗಿರ್ಲಾ?”

ಅವನು ಬಾಗಿಲು ಎಳೆದುಕೊಂಡ. ಗಾಡಿ ಮುಂದೆ ಹೋಯಿತು. ಹೋಗುವಾಗ ಎದುರಿನ ಮೂಲೆಗೂ ಒಂದು ಬದು ಕಟ್ಟಿತು.

ನನ್ನ ಹೆಸರು ಲೆಸ್ಯಾ. ಒಂಬತ್ತು ವರ್ಷದ ಹಿಂದೆ ಕುದುರೆಯಿಂದ ಬಿದ್ದಾಗಿನಿಂದ ಈ ಕುರ್ಚಿಯೇ ನನ್ನ ಕಾಲು. ಪೇಟೆಯ ಹೊಲಿಗೆ ಅಂಗಡಿಯಲ್ಲಿ ಹಾಕಿ ಆಟಗಾರರ ಜೆರ್ಸಿಗಳಿಗೆ ಹೆಸರು ಹೊಲಿಯುತ್ತೇನೆ. ನನಗೆ ಬೇಕಿದ್ದುದು ಬಾಗಿಲಿನಿಂದ ಬಸ್ ಸ್ಟಾಪಿನವರೆಗೆ ಇನ್ನೂರು ಮೀಟರ್ ಒಬ್ಬಳೇ ಹೋಗುವುದು. ಬೇಸಿಗೆಯಲ್ಲಿ ಅದು ನಾಲ್ಕು ನಿಮಿಷದ ದಾರಿ. ನವೆಂಬರಿನಿಂದ ಏಪ್ರಿಲ್‌ವರೆಗೆ ಯಾರದೋ ಕೃಪೆ.

ಪಾಲಿಕೆಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಕಾಯಿಸಿ ಪಿಟೀಲು ಕೇಳಿಸಿದ ಮೇಲೆ ಒಂದು ಹುಡುಗಿ ದೂರು ಬರೆದುಕೊಂಡಳು. ತಪಾಸಣೆಯವರು ಹತ್ತು ಗಂಟೆಗೆ ಬರುತ್ತಾರೆ. ದೂರು ನಿಜವಾದರೆ ನಮ್ಮ ಮೂಲೆ ಮೊದಲ ದಿನದ ಪಟ್ಟಿಗೆ ಸೇರುತ್ತದೆ, ರಸ್ತೆಯ ಜೊತೆಗೇ ತೆರವಾಗುತ್ತದೆ ಎಂದಳು. ಆ ಮಾತು ಕೇಳಿ ಖುಷಿಯಾಗಿ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡೆ.

ಹತ್ತೂವರೆಗೆ ಮೆಸೇಜ್ ಬಂತು. ‘ಸ್ಥಳ ಪರಿಶೀಲಿಸಲಾಗಿದೆ. ದಾರಿ ತೆರವಾಗಿದೆ. ದೂರು ಮುಕ್ತಾಯ.’

ಹೊರಗೆ ಹೋಗಿ ನೋಡಿದರೆ ಬದುವಿನ ನಡುವೆ ಅಚ್ಚುಕಟ್ಟಾಗಿ, ನನ್ನ ಗಾಲಿಗಳ ಅಗಲಕ್ಕೆ ಸರಿಯಾಗಿ, ಒಂದು ದಾರಿ! ಮುಂದಿನ ಹಿಮದ ದಿನವೂ ಅದೇ ಕಥೆ. ಏಳೂವರೆಗೆ ಬದು, ಎಂಟಕ್ಕೆ ದೂರು, ಹತ್ತಕ್ಕೆ ದಾರಿ, ಹತ್ತೂವರೆಗೆ ಮುಕ್ತಾಯ. ಮತ್ತೆ ಫೋನ್ ಮಾಡಿದಾಗ ಆ ಹುಡುಗಿಯ ದನಿಯೇ ಬೇರೆಯಾಗಿತ್ತು. “ಮೂರನೇ ಸಲವೂ ಹೀಗೇ ಆದ್ರೆ ನಿಮ್ಮ ಮೂಲೆ ಮೇಲೆ ಮತ್ತೆ ದೂರು ತಗೊಳ್ಳಲ್ಲ ಮೇಡಂ.”

ಸುಳ್ಳುಗಾತಿ ಅನ್ನಿಸಿಕೊಂಡು ಫೋನ್ ಇಟ್ಟೆ. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಈ ನಡುವೆ ಗ್ರೇಡರಿನವನು ನನ್ನ ಕಿಟಕಿಯ ಮುಂದೆ ಹಾಯುವಾಗಲೆಲ್ಲ ಕೈಯೆತ್ತುತ್ತಿದ್ದ. ನಾನು ಮುಖ ತಿರುಗಿಸುತ್ತಿದ್ದೆ. ತಿರುಗಿಸುವ ಮುಂಚೆ ಎರಡು ಸೆಕೆಂಡು ನೋಡುತ್ತಿದ್ದುದು ಬೇರೆ ವಿಷಯ. ಅವನ ಜಾಕೆಟ್ಟಿನ ಎಡತೋಳಿನ ಹೊಲಿಗೆ ಬಿಟ್ಟುಹೋಗಿತ್ತು. ಹೊಲಿಯುವವಳ ಕಣ್ಣಿಗೆ ಅಂಥದ್ದೇ ಮೊದಲು ಬೀಳುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಗುಟ್ಟು ಬಿಟ್ಟುಕೊಟ್ಟವಳು ಪಕ್ಕದ ಮನೆಯ ಟೀನಾ ಪೆನ್ನರ್. ಎಂಬತ್ತು ದಾಟಿದ ಈಕೆಯ ಕಣ್ಣು ತಪ್ಪಿಸಿ ನಮ್ಮ ಬೀದಿಯಲ್ಲಿ ಒಂದು ಬೆಕ್ಕೂ ಓಡಾಡುವುದಿಲ್ಲ.

“ಇನ್ಯಾರು ಅಗೀತಾರೆ? ನಿನ್ನ ಗ್ರೇಡರಿನವನೇ ಕಣೇ! ಎಂಟೂವರೆಗೆ ಡ್ಯೂಟಿ ಮುಗಿಸಿ, ಸ್ವಂತ ಪಿಕಪ್‌ನಲ್ಲಿ ಬಂದು, ಸಲಿಕೆ ಹಿಡೀತಾನೆ. ನಿಮ್ಮಿಬ್ಬರಿಗೂ ಏನೋ ಇದೆ ಅಂದ್ಕೊಂಡೆ. ನಮ್ಮ ಕಾಲದಲ್ಲಿ ಇಷ್ಟಕ್ಕೆಲ್ಲ ಮದುವೇನೇ ಆಗೋಗ್ತಿತ್ತು.”

ಮೂರನೇ ಹಿಮದ ದಿನ ನಾನು ಫೋನ್ ಮಾಡಲಿಲ್ಲ. ಎರಡು ಕೋಟು ಹಾಕಿಕೊಂಡು ಬದುವಿನ ಪಕ್ಕ ಕಾದೆ. ಪಿಕಪ್ ಬಂತು. ಸಲಿಕೆಯೊಂದಿಗೆ ಇಳಿದವನು ನನ್ನನ್ನು ಕಂಡು, ಬೆಣ್ಣೆ ಕದಿಯುವಾಗ ಸಿಕ್ಕಿಬಿದ್ದವನಂತೆ ನಿಂತ.

“ನೀವು ನನಗೆ ಏನು ಮಾಡಿದ್ದೀರಿ ಗೊತ್ತಾ?”

“ದಾರಿ…”

“ದಾರಿ ಅಲ್ಲ, ಸುಳ್ಳುಗಾತಿ ಮಾಡಿದ್ದೀರಿ! ನೀವು ಅಗೆದು ಹೋದ ಮೇಲೆ ತಪಾಸಣೆಯವರು ಬರ್ತಾರೆ, ಮೂಲೆ ಕನ್ನಡಿ ಥರ ಇರುತ್ತೆ, ದೂರು ಮುಚ್ಚಿಹಾಕ್ತಾರೆ. ಇನ್ನೊಂದು ಸಲ ಹೀಗಾದ್ರೆ ಮುಗೀತು!”

ಅವನು ಸಲಿಕೆಯನ್ನು ನಿಧಾನಕ್ಕೆ ಕೆಳಗಿಟ್ಟ. “ನಾನು ಕಟ್ಟಿದ ಬದು, ನಾನೇ ಒಡೀಬೇಕು ಅನ್ನಿಸ್ತು. ಅವತ್ತು ನಿಮ್ಮ ಮುಖ ನೋಡಿದ ಮೇಲೆ ಮನೇಲಿ ಊಟ ಸೇರಲಿಲ್ಲ.”

“ನೀವು ರಜ ಹಾಕಿದ ದಿನ? ನಿಮಗೆ ಜ್ವರ ಬಂದ ದಿನ? ಎದುರು ಮೂಲೇಲಿ ವಾಕರ್ ಹಿಡಿದು ನಡೆಯೋ ಅಜ್ಜ ಇದ್ದಾರೆ, ಅವರಿಗ್ಯಾರು ಅಗೀತಾರೆ? ನನಗೆ ಉಪಕಾರ ಬೇಡ ಸ್ವಾಮೀ, ದಾರಿ ಬೇಕು!”

ಅವನು ಸಲಿಕೆ ಎತ್ತಿ ಪಿಕಪ್ಪಿನೊಳಗೆ ಹಾಕಿದ.

“ಆರ್ಮಾಂಡ್,” ಎಂದ ಅವನು.

“ಏನು?”

“ನನ್ನ ಹೆಸರು. ಮುಂದಿನ ಸಲ ಬೈಯೋಕೆ ಅನುಕೂಲ ಆಗ್ಲಿ ಅಂತ.”

ಹಾಳಾದ ನಗು ಆಗ ಬಂತು. ಮಫ್ಲರಿನೊಳಗೆ ಮುಚ್ಚಿಕೊಂಡೆ.

ಆಮೇಲೆ ಹನ್ನೆರಡು ದಿನ ಹಿಮವೇ ಬೀಳಲಿಲ್ಲ. ಊರೆಲ್ಲ ಸಂತೋಷಪಡುತ್ತಿರುವಾಗ ನಾನೊಬ್ಬಳು ಬೆಳಗ್ಗೆ ಎದ್ದು ಆಕಾಶ ನೋಡಿ ಗೊಣಗಿದೆ. ಪಟ್ಟಿಯ ಚಿಂತೆ ಎಂದು ಟೀನಾಗೆ ಹೇಳಿದೆ. ಅವಳು ನಂಬಲಿಲ್ಲ.

ಹದಿಮೂರನೇ ದಿನ ಬಿತ್ತು ನೋಡಿ, ಒಂದು ಮೊಳ! ಬದು ಎದ್ದಿತು. ಎಂಟಕ್ಕೆ ಫೋನ್ ಮಾಡಿದೆ. ಒಂಬತ್ತಕ್ಕೆ ಹೊರಗೆ ಬಂದರೆ ಆರ್ಮಾಂಡ್ ಬದುವಿನ ಆಚೆ ಬದಿ, ಸಲಿಕೆಯಿಲ್ಲದೆ ನಿಂತಿದ್ದ. ಎರಡೂ ಕೈ ಜೇಬಿನಲ್ಲಿ.

“ಹೇಗಿದೆ?” ಎಂದೆ.

“ಕೈ ತುರಿಸ್ತಿದೆ. ಹಿಮ ಕಂಡು ಸುಮ್ಮನೆ ನಿಲ್ಲೋದು ನಮ್ಮ ವಂಶದಲ್ಲೇ ಇಲ್ಲ.”

“ನಿಲ್ಲಿ. ಚೆನ್ನಾಗಿ ಕಾಣ್ತೀರಿ.”

ಅವನ ಕಿವಿ ಕೆಂಪಾಯಿತು. ಚಳಿಗೆ ಇರಬಹುದು. ಬದುವಿನ ಮೇಲಿಂದ ಕೈಚಾಚಿ ಕಾಫಿಯ ಲೋಟ ಕೊಟ್ಟ, ಬೆರಳು ತಾಗಿತು, ಇಬ್ಬರಿಗೂ ದಪ್ಪ ಕೈಗವಸು; ಆದರೂ ತಾಗಿದ್ದು ತಾಗಿತು.

ಹತ್ತಕ್ಕೆ ಸರಿಯಾಗಿ ತಪಾಸಣೆಯವಳು ಬಂದಳು. ಅಳತೆಪಟ್ಟಿ ಇಟ್ಟಳು, ಫೋಟೋ ತೆಗೆದಳು. “ದಾಟಕ್ಕಾಗಲ್ವಾ? ಒಮ್ಮೆ ತೋರಿಸ್ತೀರಾ?”

ತೋರಿಸಿದೆ. ಮುಂದಿನ ಗಾಲಿ ಹೂತಿತು, ಕುರ್ಚಿ ಓರೆಯಾಯಿತು. ಆರ್ಮಾಂಡ್ ಒಂದು ಹೆಜ್ಜೆ ಮುಂದಿಟ್ಟ.

“ಮುಟ್ಟಬೇಡಿ!” ಎಂದೆ.

ನಿಂತ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ತುಟಿ ಕಚ್ಚಿಕೊಂಡಿದ್ದ, ಕಣ್ಣು ನನ್ನ ಗಾಲಿಯ ಮೇಲೇ ಇತ್ತು. ನನ್ನನ್ನು ಎತ್ತಿ ದಾಟಿಸಲು ಬಂದ ಬಹಳ ಜನರನ್ನು ನೋಡಿದ್ದೇನೆ. ನಾನು ಹೇಳಿದ್ದಕ್ಕೆ ಎತ್ತದೆ ನಿಂತವನು ಇವನೊಬ್ಬನೇ. ಅಲ್ಲೇ, ಓರೆಯಾದ ಕುರ್ಚಿಯಲ್ಲಿ, ಇವನೆಂದರೆ ನನಗೆ ಇಷ್ಟ ಎಂದು ಖಚಿತವಾಯಿತು.

ನಾನೇ ಹಿಂದಕ್ಕೆ ಎಳೆದುಕೊಂಡು ನೆಟ್ಟಗಾದೆ.

“ನೀವು ಯಾರು?” ತಪಾಸಣೆಯವಳು ಅವನನ್ನು ಕೇಳಿದಳು.

“ಈ ಬದು ಕಟ್ಟಿದವನು. ಗ್ರೇಡರ್ ಓಡಿಸ್ತೀನಿ. ಪ್ರತಿ ಮೂಲೇಲೂ ಹೀಗೇ ಕಟ್ತೀನಿ, ಮೂಲೆ ಬಂದಾಗ ಹಿಮ ಕೆರೆಯೋ ಬ್ಲೇಡ್ ಎತ್ತೋಕೆ ನಮಗೆ ಟೈಮ್ ಕೊಟ್ಟಿಲ್ಲ. ಮುಂಚೆ ಎರಡು ಸಲ ದಾರಿ ಕಂಡಿತಲ್ಲ, ಅದು ನಾನು ಅಗೆದದ್ದು. ಇವರು ಹೇಳಿದ್ದೆಲ್ಲ ನಿಜ. ಬರ್ಕೊಳ್ಳಿ, ನನ್ನ ಹೆಸರೂ ಬರ್ಕೊಳ್ಳಿ.”

ಬರೆದುಕೊಂಡು, ಎದುರು ಮೂಲೆಯನ್ನೂ ಅಳೆದು ಹೋದಳು. ನಾವಿಬ್ಬರೂ ಬದುವಿನ ಆಚೀಚೆ ಕಾದೆವು. ಹತ್ತೂವರೆಗೆ ಫೋನ್ ಕಂಪಿಸಿತು. ‘ದೂರು ದೃಢಪಟ್ಟಿದೆ. ಎರಡೂ ಮೂಲೆಗಳನ್ನು ಮೊದಲ ದಿನದ ಪಟ್ಟಿಗೆ ಸೇರಿಸಲಾಗಿದೆ.’

ನಾನು ಕಿರುಚಿದೆ. ಟೀನಾಳ ಪರದೆ ಅಲ್ಲಾಡಿತು. ಆಮೇಲೆ ಕೊನೆಯ ಸಾಲು ಓದಿದೆ. ‘ಮುಂದಿನ ಚಳಿಗಾಲದಿಂದ ಜಾರಿ.’

“ಮುಂದಿನ ಚಳಿಗಾಲ! ಇನ್ನೂ ಜನವರಿ! ಏಪ್ರಿಲ್‌ವರೆಗೆ ನಾನೇನು ಮಾಡ್ಲಿ, ಇವರ ತಲೆ!”

ನಾನು ಬೈದು ಮುಗಿಸುವವರೆಗೂ ಆರ್ಮಾಂಡ್ ಕಾದ. ತುಂಬ ಹೊತ್ತು ಕಾದ.

“ಈ ಚಳಿಗಾಲಕ್ಕೆ ನಾನು ಅಗೀಲಾ?” ಎಂದ. “ಕೇಳಿಯೇ ಅಗೀತೀನಿ ಈ ಸಲ.”

“ಎದುರು ಮೂಲೆಯದನ್ನೂ.”

“ಎದುರು ಮೂಲೆಯದನ್ನೂ.”

“ಆ ಜಾಕೆಟ್ ಬಿಚ್ಚಿಕೊಡಿ, ತೋಳು ಹೊಲಿದುಕೊಡ್ತೀನಿ. ಒಂದೂವರೆ ತಿಂಗಳಿಂದ ನೋಡಿ ನೋಡಿ ಸಾಕಾಗಿದೆ.”

“ಒಂದೂವರೆ ತಿಂಗಳಿಂದ ನೋಡ್ತಿದ್ದೀರಾ?”

ನಾನು ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡೆ. ಅವನು ಪಿಕಪ್ಪಿನಿಂದ ಸಲಿಕೆ ತಂದು, ಮೊದಲ ಏಟು ಹಾಕುವ ಮುಂಚೆ, ತಲೆ ಬಗ್ಗಿಸಿಯೇ ಕೇಳಿದ, “ಮುಂದಿನ ಚಳಿಗಾಲ?”

“ಮುಂದಿನ ಚಳಿಗಾಲ ಇಲ್ಲಿ ಅಗೆಯೋಕೆ ಏನೂ ಇರಲ್ಲ ಆರ್ಮಾಂಡ್,” ಎಂದೆ. “ಆಗ ಸುಮ್ಮನೆ ಬಾ.”