ಭಂಡಾರ ಹಚ್ಚಿದ ನೋಟು

"ನೋಟು ಇತ್ತ ಕೊಡ್ರಿ."

ಸತ್ಯವ್ವ ತನ್ನ ಗಂಡನಾಗುವವನೊಡನೆ ಆಡಿದ ಮೊದಲ ಮಾತು ಇದು. ನಿಶ್ಚಯವಾದ ಮೇಲೆ ಅಮಸಿದ್ದಪ್ಪ ಅವಳೆದುರು ಒಬ್ಬನೇ ನಿಂತದ್ದೂ ಅದೇ ಮೊದಲು, ಗಲಗಲಿಯ ಬೀರೇಶ್ವರನ ಗುಡಿಯಲ್ಲಿ.

ಈ ಊರುಗಳೆಲ್ಲ ಮುಂಬೈ ರಾಜ್ಯದಲ್ಲಿದ್ದ ಕಾಲ. ಅವನು ರಬಕವಿ ಸೀರೆ ಮಾರಲು ಗೋವಾಕ್ಕೆ ಹೊರಟಿದ್ದ. ಗೋವಾ ಆಗ ಪೋರ್ತುಗೀಜರ ಕೈಯಲ್ಲಿತ್ತು. ಗಡಿ ದಾಟಿದರೆ ನಮ್ಮ ನೋಟು ಕೊಟ್ಟು ಅವರ ದುಡ್ಡು ಕೊಳ್ಳಬೇಕು.

ದೂರ ಹೋಗುವವರ ದುಡ್ಡಿಗೆ ದೇವರ ಭಂಡಾರ, ಅಂದರೆ ಅರಿಶಿನ, ಹಚ್ಚುವುದು ಅವರ ಮನೆತನಗಳ ರೂಢಿ. ಸತ್ಯವ್ವ ಹೆಬ್ಬೆರಳು ಅದ್ದಿ ಒಂದೊಂದೇ ನೋಟಿಗೆ ಒತ್ತಿದಳು. ಅವನೋ, ನೋಟು ಬಿಟ್ಟು ಅವಳನ್ನೇ ನೋಡುತ್ತಿದ್ದ, ಪುಣ್ಯಾತ್ಮ!

ಗೋವಾದಲ್ಲಿ ನಮ್ಮವರನ್ನು ಹಿಡಿದು ಹಾಕುತ್ತಿದ್ದಾರೆಂದು ಮುಧೋಳದ ಬಸ್ ಸ್ಟ್ಯಾಂಡಿನಲ್ಲಿ ಜನ ಮಾತಾಡುತ್ತಿದ್ದರು... ಅದು ನೆನಪಾಗಿ ಅವಳು ಬೆರಳನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿದಳು.

ಅಮಾವಾಸ್ಯೆಗೆ ಬರುತ್ತೇನೆಂದವನು ಬರಲಿಲ್ಲ. ಜೊತೆಗೆ ಹೋದ ಗಂಗಾರಾಮ ಒಬ್ಬನೇ ಬಂದ. ದುಡ್ಡು ಬದಲಿಸುವ ಅಂಗಡಿಯವನು ಎಲ್ಲ ನೋಟಿಗೂ ಒಂದೇ ಹಳದಿ ಗುರುತು ಕಂಡು ಪೊಲೀಸರಿಗೆ ಸುದ್ದಿ ಮುಟ್ಟಿಸಿದ್ದ. ಪೋರ್ತುಗೀಜರಿಂದ ಗೋವಾ ಬಿಡಿಸಲು ಬಂದವರ ಗುಟ್ಟಿನ ಗುರುತೆಂದು ಸಂಶಯಪಟ್ಟು ಅವರು ಅಮಸಿದ್ದಪ್ಪನನ್ನು ಹಿಡಿದು ಒಳಗೆ ಹಾಕಿದ್ದರು.

"ಒರಸಿ ಬಿಡಪಾ ಅಂತ ದಾರ್ಯಾಗ ಹೇಳಿದ್ದೆ. ಆಕಿ ಹಚ್ಚ್ಯಾಳ, ಒರಸೂದಿಲ್ಲ ಅಂದ," ಎಂದ ಗಂಗಾರಾಮ.

ನನ್ನ ಬೆರಳೇ ಅವರನ್ನು ಹಿಡಿದುಕೊಟ್ಟಿತಲ್ಲ... ಎಂದುಕೊಂಡಳು ಸತ್ಯವ್ವ.

ಅತ್ತ ಗಡಿ ಮುಚ್ಚಿತು. ಇತ್ತ ಅವನ ತಾಯಿ ತಂಗೆವ್ವ ಬಂದು, ಈ ಕೈಯ ಹುಡುಗಿ ನಮ್ಮ ಮನೆಗೆ ಬೇಡವೆಂದು ಸಂಬಂಧ ಮುರಿದು ಹೋದಳು. ತಪ್ಪು ತನ್ನದೇ ಎಂದು ಸತ್ಯವ್ವನೂ ನಂಬಿದ್ದಳು.

ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ಹೊಳೆಯಿಂದ ನೀರು ತರುವಾಗ ದಾರಿಗೆ ಅಡ್ಡ ಒಬ್ಬ ನಿಂತಿದ್ದ. ಉದ್ದ ಗಡ್ಡ, ಎಲುಬು ಎದ್ದ ಎದೆ, ಬಾತ ಕೈಗಳು... ಅಮಸಿದ್ದಪ್ಪ! ಪೊಲೀಸರು ಪುರಾವೆ ಏನೂ ಸಿಗದೆ, ನೋಟು, ಸೀರೆ ಎಲ್ಲ ಕಸಿದುಕೊಂಡು ಅವನನ್ನು ಗಡಿಯಾಚೆ ದಬ್ಬಿದ್ದರಂತೆ. ಸತ್ಯವ್ವ ಕೊಡ ಇಳಿಸಿ ಅತ್ತುಬಿಟ್ಟಳು.

"ನನ್ನಿಂದ ಆತರಿ ಇದೆಲ್ಲಾ. ಈ ಕೈಯ ಹುಡುಗಿ ಬ್ಯಾಡಂತ ನಿಮ್ಮವ್ವ ಅಂದದ್ದು ಖರೆ ಐತಿ."

"ಈ ಬೆರಳು ಯಾರದು ಅಂತ ದಿನಾ ಬಡದು ಕೇಳಿದ್ರು. ನಿನ್ನ ಹೆಸರು ಹೇಳಲಿಲ್ಲ ನಾ."

"ಮತ್ತೇನಂದ್ರಿ?"

"ನನ್ನ ಹೇಣ್ತಿದು ಅಂದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನೂ ಲಗ್ನ ಆಗಿಲ್ಲಲ್ಲರಿ..."

"ಅಷ್ಟು ಬಡದ್ರೂ ಮಾತು ಬದಲಿಸಲಿಲ್ಲ. ಈಗ ಅವ್ವನ ಮುಂದೂ ಅದನ್ನ ಹೇಳಾಕ ಹೊಂಟೇನಿ. ಬರ್ತೀಯೇನು?"

"ಬರ್ತೇನ್ರಿ," ಎಂದಳು ಸತ್ಯವ್ವ.