ಗಾಳಿ ಬೇಡದವರು

"ಸ್ಟೂಲ್ ಮೇಲಿಂದ ಇಳೀಬೇಡ. ನೋಡೋದಾದ್ರೆ ಕಣ್ಣಲ್ಲಿ ನೋಡು, ಕೈಯಲ್ಲಿ ಅಲ್ಲ," ಎಂದಳು ಚಿಕ್ಕಮ್ಮ.

"ಕಣ್ಣಲ್ಲೇ ನೋಡ್ತಿದೀನಲ್ಲ!" ಎಂದಳು ಇಣುಕಿ.

ಇಣುಕಿ ಅವಳ ನಿಜವಾದ ಹೆಸರಲ್ಲ. ಮುಚ್ಚಿಟ್ಟಿದ್ದನ್ನು ತೆಗೆದು ಇಣುಕದಿದ್ದರೆ ಇವಳಿಗೆ ತಿಂದದ್ದು ಅರಗುವುದಿಲ್ಲ ಎಂದು ಮನೆಯವರೆಲ್ಲ ಸೇರಿ ಇಟ್ಟ ಹೆಸರು. ಅವತ್ತು ಸ್ಕೂಲು ಅರ್ಧ ದಿನಕ್ಕೇ ಬಿಟ್ಟಿತ್ತು. ಅಮ್ಮ ತಮ್ಮನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಹಾಗಾಗಿ ಚಿಕ್ಕಮ್ಮ ಅವಳನ್ನು ತನ್ನ ಲ್ಯಾಬಿಗೆ ಕರೆತಂದಿದ್ದಳು.

ಮೇಜಿನ ಮೇಲೆ ಒಂದು ಗಾಜಿನ ಜಾಡಿ. ಅದರಲ್ಲಿ ಮಬ್ಬು ನೀರು, ನೀರೊಳಗೆ ಒಂದು ತುಂಡು ಕಪ್ಪು ಬಟ್ಟೆ. ಜಾಡಿಯ ಮೂರು ಬಾಯಿಗಳಿಗೂ ರಬ್ಬರ್ ಬಿರಡೆಗಳನ್ನು ಬಿಗಿಯಾಗಿ ತುರುಕಲಾಗಿತ್ತು. ಒಂದು ಬಿರಡೆಯಿಂದ ವೈರು, ಇನ್ನೊಂದರಿಂದ ಗ್ಯಾಸು ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು ಸಣ್ಣ ಪೈಪು ಇಳಿದಿದ್ದವು. ಒಂದು ಪೈಪಿನ ತುದಿಯಿಂದ ಗುಳುಗುಳು ಗುಳ್ಳೆಗಳು ಬರುತ್ತಿದ್ದವು.

"ಇದರಲ್ಲಿ ಏನಿದೆ?"

"ಬ್ಯಾಕ್ಟೀರಿಯಾ. ಆ ಕಪ್ಪು ಬಟ್ಟೆಗೆ ಅಂಟ್ಕೊಂಡು ಕೂತಿವೆ. ಕೋಟಿಗಟ್ಟಲೆ."

"ಒಂದೂ ಕಾಣ್ತಿಲ್ಲ!"

"ಕಂಡಿದ್ರೆ ನೀನು ಒಂದೊಂದಕ್ಕೂ ಹೆಸರಿಡ್ತಾ ಕೂತಿರ್ತಿದ್ದೆ."

"ಊಟ ಏನು ಅವಕ್ಕೆ?"

"ಕಾರ್ಬನ್ ಡೈಆಕ್ಸೈಡು. ನಾವು ಉಸಿರಲ್ಲಿ ಹೊರಗೆ ಬಿಡ್ತೀವಲ್ಲ, ಫ್ಯಾಕ್ಟರಿ ಚಿಮಣಿಯಿಂದ ಬರುತ್ತಲ್ಲ, ಅದೇ ಗ್ಯಾಸು. ಜೊತೆಗೆ ವೈರಲ್ಲಿ ಚೂರು ಕರೆಂಟು."

"ಅಯ್ಯೋ, ಶಾಕ್ ಹೊಡೆಯಲ್ವಾ?"

"ಟಾರ್ಚ್ ಸೆಲ್ಲಿನಷ್ಟು ಕರೆಂಟಿಗೆ ಏನು ಶಾಕ್ ಹೊಡೆಯುತ್ತೆ! ಗ್ಯಾಸನ್ನೂ ಕರೆಂಟನ್ನೂ ತಿಂದು ಇವು ಹುಳಿ ಮಾಡ್ತಾವೆ. ವಿನೆಗರಲ್ಲಿ ಇರುತ್ತಲ್ಲ, ಅದೇ ಹುಳಿ. ಅದರಿಂದ ಅಂಟು ಮಾಡಬಹುದು, ಬಣ್ಣ ಮಾಡಬಹುದು. ಸುಮ್ಮನೆ ಹಾಳಾಗಿ ಹೋಗೋ ಹೊಗೆಯಿಂದ!"

ಚಿಕ್ಕಮ್ಮನ ಮುಖ ಅರಳಿತ್ತು. ಬೇಸಿಗೆ ರಜೆಯಿಂದ ಅವಳು ಇವುಗಳನ್ನು ಸಾಕುತ್ತಿದ್ದಳು. ನಾಳೆ ಲ್ಯಾಬಿನ ದೊಡ್ಡ ಮೇಡಂ ಬಂದು ಜಾಡಿಯನ್ನು ನೋಡುವವರಿದ್ದರು. ಅವರಿಗೆ ಒಪ್ಪಿಗೆಯಾದರೆ ಜಾಡಿಯ ಬದಲು ದೊಡ್ಡ ಟ್ಯಾಂಕು ಸಿಗುತ್ತಿತ್ತು.

ಪಕ್ಕದ ಕಂಪ್ಯೂಟರಿನಲ್ಲಿ ಒಂದು ಹಸಿರು ಗೆರೆ ನಿಧಾನವಾಗಿ ಹರಿಯುತ್ತಿತ್ತು. ಜಾಡಿಗೆ ಎಷ್ಟು ಕರೆಂಟು ಹೋಗುತ್ತಿದೆ ಎಂದು ಅದು ತೋರಿಸುತ್ತಿತ್ತು.

"ಚಿಕ್ಕಮ್ಮ, ಎಲ್ಲಾ ಕಡೆ ಮುಚ್ಚಿಬಿಟ್ಟಿದೀಯಲ್ಲ, ಇವಕ್ಕೆ ಉಸಿರು ಕಟ್ಟಲ್ವಾ?"

ಅಷ್ಟರಲ್ಲಿ ಫೋನು ಬಂತು. "ಬಂದೆ ಮೇಡಂ," ಎನ್ನುತ್ತ ಚಿಕ್ಕಮ್ಮ ಹೊರಗೆ ಓಡಿದಳು. ಪ್ರಶ್ನೆ ಹಾಗೇ ಉಳಿಯಿತು.

ಇಣುಕಿ ಜಾಡಿಯನ್ನೇ ನೋಡಿದಳು. ಹೋದ ವರ್ಷ ಅವಳು ಬೆಂಕಿಪೊಟ್ಟಣದಲ್ಲಿ ಒಂದು ಹಸಿರು ಹುಳು ಇಟ್ಟಿದ್ದಳು. ಬೆಳಗಾಗುವಷ್ಟರಲ್ಲಿ ಅದು ಸತ್ತಿತ್ತು. "ತೂತು ಮಾಡದೆ ಮುಚ್ಚಿಟ್ರೆ ಇನ್ನೇನಾಗುತ್ತೆ?" ಎಂದಿದ್ದಳು ಅಮ್ಮ. ಅವತ್ತಿನಿಂದ ಮುಚ್ಚಿದ್ದು ಕಂಡರೆ ಇಣುಕಿಗೆ ಆಗುತ್ತಿರಲಿಲ್ಲ. ಮನೆಯಲ್ಲಿ ತಮ್ಮ, ಮೇಜಿನ ಸುತ್ತ ಬೆಡ್‌ಶೀಟು ಇಳಿಬಿಟ್ಟು ಗುಹೆ ಮಾಡಿಕೊಂಡು ಕೂತರೂ ಅಷ್ಟೆ. "ಉಸಿರು ಕಟ್ಟುತ್ತೆ ಕಣೋ" ಎಂದು ಇವಳು ಎತ್ತಿಬಿಡುತ್ತಿದ್ದಳು. ಅವನು ಸೂರು ಕಿತ್ತುಹೋಗುವ ಹಾಗೆ ಕಿರುಚುತ್ತಿದ್ದ.

ಪಾಪ, ಕೋಟಿಗಟ್ಟಲೆ ಇವೆ ಎಂದುಕೊಂಡಳು. ಸ್ಟೂಲಿನಿಂದ ಇಳಿದಳು. ವೈರೂ ಪೈಪೂ ಇಲ್ಲದ ಮೂರನೇ ಬಿರಡೆಯೊಂದಿತ್ತು. ಅದನ್ನು ತಿರುಗಿಸಿ ತಿರುಗಿಸಿ ಎಳೆದಳು. ಬಿರಡೆ ಪುಸಕ್ಕನೆ ಬಂತು. ಬಗ್ಗಿ, ಇನ್ನಷ್ಟು ಗಾಳಿ ಸಿಗಲಿ ಎಂದು ಉಫ್ ಉಫ್ ಎಂದು ಊದಿದಳು.

ಸ್ವಲ್ಪ ಹೊತ್ತಿಗೆ ಹಸಿರು ಗೆರೆ ಸರ್ರನೆ ಮೇಲಕ್ಕೇರಿತು.

ಇಣುಕಿಗೆ ಹಿಡಿಸಲಾರದಷ್ಟು ಖುಷಿ. ಉಸಿರು ಸಿಕ್ಕಿದ ಕೂಡಲೇ ಗಬಗಬ ತಿನ್ನುತ್ತಿವೆ! ಚಿಕ್ಕಮ್ಮ ಬಾಗಿಲಲ್ಲಿ ಕಾಣಿಸಿಕೊಂಡಾಗ ಅವಳೇ ಕೂಗಿದಳು, "ನೋಡು, ಗೆರೆ ಎಷ್ಟು ಮೇಲೆ ಹೋಯ್ತು!"

ಚಿಕ್ಕಮ್ಮ ಗೆರೆ ನೋಡಿದಳು. ಇಣುಕಿಯ ಕೈಯಲ್ಲಿದ್ದ ಬಿರಡೆ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. ಬಿರಡೆ ಕಿತ್ತುಕೊಂಡು ಜಾಡಿಗೆ ತುರುಕಿ, ಒಳಗಿನ ಗಾಳಿಯೆಲ್ಲ ಹೊರಗೆ ಹೋಗಲಿ ಎಂದು ಗ್ಯಾಸಿನ ತಿರುಪು ಜಾಸ್ತಿ ಮಾಡಿದಳು. ಗುಳ್ಳೆಗಳು ಬುಳಬುಳನೆ ಎದ್ದವು.

"ತಿಂತಾ ಇರಲಿಲ್ವಾ ಅವು?" ಇಣುಕಿಯ ದನಿ ಸಣ್ಣಗಾಗಿತ್ತು.

"ಇಲ್ಲ. ಅವುಗಳ ಕರೆಂಟನ್ನ ಗಾಳಿಯಲ್ಲಿರೋ ಆಕ್ಸಿಜನ್ ನುಂಗ್ತಾ ಇತ್ತು."

"ಮತ್ತೆ ಉಸಿರು?"

"ನಮಗೆ ಗಾಳಿ ಬೇಕು. ಇವಕ್ಕೆ ಗಾಳಿನೇ ವಿಷ. ಅದಕ್ಕೇ ಅಷ್ಟು ಬಿಗಿಯಾಗಿ ಮುಚ್ಚಿದ್ದು."

ಹಸಿರು ಗೆರೆ ಇಳಿಯತೊಡಗಿತು. ಮೊದಲಿದ್ದ ಜಾಗಕ್ಕೆ ಬಂದರೂ ನಿಲ್ಲಲಿಲ್ಲ. ಇನ್ನೂ ಇಳಿದು, ತಳದ ಹತ್ತಿರ ಮಲಗಿಬಿಟ್ಟಿತು. ಕರೆಂಟು ತಿನ್ನಲು ಯಾರೂ ಉಳಿದಂತಿರಲಿಲ್ಲ. ಬೆಂಕಿಪೊಟ್ಟಣದ ಹುಳು ಒಂದೇ ಒಂದು. ಇವು ಕೋಟಿಗಟ್ಟಲೆ.

"ನಾನು ಕೊಲ್ಲೋಕೆ ತೆಗೀಲಿಲ್ಲ," ಎಂದಳು. ಕಣ್ಣೀರು ತುಂಬಿಕೊಂಡಿತು.

"ಗೊತ್ತು ಕಣೆ." ಚಿಕ್ಕಮ್ಮ ಸ್ಟೂಲಿನ ಮೇಲೆ ಕುಸಿದಳು. "ನೀನು ಕೇಳಿದೆ. ನಾನು ಉತ್ತರ ಹೇಳದೆ ಓಡಿದೆ. ನನಗೆ ಸಿಟ್ಟು ಬಂದಿದೆ, ಸುಳ್ಳು ಹೇಳಲ್ಲ. ಸ್ವಲ್ಪ ಹೊತ್ತು ಮಾತಾಡಿಸಬೇಡ."

ಇಬ್ಬರೂ ಕೂತು ಗೆರೆ ನೋಡಿದರು. ಅದು ಏಳಲಿಲ್ಲ.

ಮುಂದಿನ ಭಾನುವಾರ ಚಿಕ್ಕಮ್ಮ ಮನೆಗೆ ಬಂದಾಗ ಇಣುಕಿ ಬಾಗಿಲಲ್ಲೇ ತಡೆದಳು. "ಎಲ್ಲಾ ಸತ್ತುಹೋದ್ವಾ?"

"ಎಲ್ಲಾ ಅಲ್ಲ. ಮೇಲಿದ್ದವು ಹೋದ್ವು. ಬಟ್ಟೆಯ ಎಳೆಗಳ ಒಳಗೆ ಅಡಗಿದ್ದವು ಉಳಿದಿವೆ. ನಿನ್ನೆಯಿಂದ ಗೆರೆ ಚೂರೇ ಚೂರು ಏಳ್ತಿದೆ."

"ದೊಡ್ಡ ಟ್ಯಾಂಕು?"

"ಈಗ ಸಿಗಲ್ಲ. ಮೇಡಂಗೆ ನಡೆದದ್ದು ಹೇಳ್ದೆ. ಮತ್ತೆ ಬೆಳೆಸಿ ತೋರಿಸು ಅಂದ್ರು." ಚಿಕ್ಕಮ್ಮ ಚಪ್ಪಲಿ ಬಿಡುತ್ತ ಹೇಳಿದಳು. "ಮತ್ತೆ ಮೊದಲಿಂದ ಶುರು."

ಚಿಕ್ಕಮ್ಮ ಅಡುಗೆಮನೆಗೆ ಹೋದಳು. ಇಣುಕಿ ನಡುಮನೆಯಲ್ಲೇ ನಿಂತಳು. ಮೇಜಿನ ಸುತ್ತ ಬೆಡ್‌ಶೀಟು ಇಳಿಬಿದ್ದಿತ್ತು. ಒಳಗಿನಿಂದ ತಮ್ಮ ಯಾರಿಗೋ ಕತೆ ಹೇಳುವ ಪಿಸುದನಿ ಕೇಳುತ್ತಿತ್ತು.

ಅವಳು ಬಗ್ಗಿ ಬೆಡ್‌ಶೀಟಿಗೆ ಕೈ ಹಾಕಿದಳು. ಮತ್ತೆ ಕೈ ಹಿಂದಕ್ಕೆ ತೆಗೆದುಕೊಂಡು ಮೇಜಿನ ಕಾಲನ್ನು ಟಕಟಕ ಬಡಿದಳು.

"ಏಯ್, ಒಳಗೆ ಸೆಖೆ ಆಗ್ತಿದೆಯೇನೋ? ಚೂರು ತೆಗೀಲಾ?"

ಪಿಸುದನಿ ನಿಂತಿತು. "ಬೇಡ."

"ಉಸಿರಾಡಕ್ಕೆ ಆಗ್ತಿದೆ ತಾನೇ?"

"ಹೂಂ. ಹೋಗೇ."

ಒಂದು ಮೂಲೆಯಲ್ಲಿ ಬೆಡ್‌ಶೀಟು ಜಾರಿ ಸಂದು ಬಿಟ್ಟಿತ್ತು. ಇಣುಕಿ ಒಳಗೆ ನೋಡದೆ ಅದನ್ನು ಎಳೆದು ಸರಿಯಾಗಿ ಮುಚ್ಚಿದಳು.