ಇಪ್ಪತ್ತೈದು ನಿಮಿಷ ಹಿಂದಿನ ಗಡಿಯಾರ

ಕಲ್ಲೇಶ್ವರಪುರದಲ್ಲಿ 2059ರ ಹೊತ್ತಿಗೆ ನೀರು ಬಿಡುವ ಕೆಲಸವೆಲ್ಲ ‘ಸರತಿ’ಯದು. ಸರತಿಗೆ ಮೈಯಿಲ್ಲ, ಎರಡು ಸರ್ವರುಗಳೊಳಗೆ ಅವಳಿಯಾಗಿ ಬದುಕುವ ತಂತ್ರಾಂಶ. ಯಾವ ಓಣಿಗೆ ಎಷ್ಟು ನೀರೆಂದು ಲೆಕ್ಕ ಹಾಕಿ, ಅವಳಿಗಳೆರಡೂ ಒಪ್ಪಿದರಷ್ಟೇ ವಾಲ್ವು ತೆರೆಯುತ್ತಿತ್ತು. ಅದನ್ನು ರೂಪಿಸಿದವಳು ನೀಲಾಂಬಿಕಾ. ಸಭೆಗಳಲ್ಲಿ ಅವಳ ದನಿ ಪಕ್ಕದ ಕುರ್ಚಿಗೂ ಕೇಳಿಸುತ್ತಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಹೊಸ ಆವೃತ್ತಿ ಹಾಕುವಾಗ ಸರತಿ ಅರ್ಧಕ್ಕೇ ನಿಂತಿತು. ಊರಿನ ವಾಲ್ವುಗಳೆಲ್ಲ ಮುಚ್ಚಿಕೊಂಡವು.

ಡಯಾಲಿಸಿಸ್ ಕೇಂದ್ರದಿಂದ ಸಿಸ್ಟರ್ ರಜಿಯಾ ಫೋನಿನಲ್ಲಿ ಕೂಗಿದಳು. “ಹದಿನಾಲ್ಕು ಮಂದಿ ಮಷೀನಿನ ಮ್ಯಾಲೆ ಅದಾರ್ರೀ! ಟಾಕ್ಯಾಗ ನಲವತ್ತು ನಿಮಿಷದ ನೀರೈತಿ. ಆಮ್ಯಾಲೆ ಮಷೀನಿಗೆ ಏನ್ ನಿಮ್ಮ ಸಾಫ್ಟ್‌ವೇರ್ ಸುರೀಲ್ಯಾ? ಯಾರನ್ನರ ಕಳಿಸ್ರಿ, ಕೈಲೆ ತಿರುವಿ ಬಿಡ್ಲಿ!”

ನೀಲಾಂಬಿಕಾ ಫೋನಿಟ್ಟು ಪರದೆಯತ್ತ ತಿರುಗಿದಳು. ವಾಲ್ವುಗಳ ಕೈಚಕ್ರಗಳನ್ನು ಬಿಚ್ಚಿಸಿದ್ದು ಅವಳೇ. ಮನುಷ್ಯರ ಕೈಗೆ ಸಿಕ್ಕರೆ ದೊಡ್ಡವರ ಓಣಿಗೇ ನೀರು ಹರಿಯುತ್ತದೆಂದು ಹಟ ಹಿಡಿದಿದ್ದಳು.

ಡಿಸ್ಕಿನಲ್ಲಿ ಜಾಗವಿತ್ತು, ಜಾಲ ಸರಿಯಿತ್ತು. ದಾಖಲೆಯಲ್ಲೊಂದು ಸಾಲು ಸಿಕ್ಕಿತು: ಎರಡನೆಯ ಅವಳಿ ಕೊಟ್ಟ ಗುರುತುಪತ್ರವನ್ನು ಮೊದಲನೆಯದು ಒಪ್ಪಿಲ್ಲ, ಅದು ಇನ್ನೂ ಬಾರದ ಸಮಯದಲ್ಲಿ ಹುಟ್ಟಿದ ಪತ್ರವಂತೆ. ಎರಡರ ಗಡಿಯಾರಗಳನ್ನೂ ನೋಡಿದಳು. ಮೊದಲನೆಯದು ಇಪ್ಪತ್ತೈದು ನಿಮಿಷ ಹಿಂದಿತ್ತು.

“ಇದನ್ಯಾರು ಹಿಂದಕ್ಕ ತಿರುವಿದ್ರಿ?”

ಮುಖ್ಯ ಎಂಜಿನಿಯರ್ ಸಂಕನೂರ ಗಂಟಲು ಸರಿಪಡಿಸಿಕೊಂಡರು. “ನಾನs. ಸುರು ಮಾಡೂದ್ರಾಗ ಹತ್ತೂ ನಲವತ್ತಾತು, ಹತ್ತೂವರಿಗೇ ರಾಹುಕಾಲ ಹತ್ತಿತ್ತಲ್ಲ. ದಾಖಲ್ಯಾಗ ಹತ್ತೂಕಾಲಕ್ಕ ಸುರು ಅಂತ ಇರ್ಲಿ ಅಂತ... ಒಂದರದ್ದಷ್ಟ ತಿರುವೇನಿ, ಇನ್ನೊಂದು ಹಂಗs ಐತಲ್ಲ!”

“ರಾಹು ನಮ್ಮ ದಾಖಲೆ ಓದಾಕ ಬರ್ತಾನೇನ್ರಿ?” ಅವಳ ಕೂಗಿಗೆ ಕೊಠಡಿಯೇ ತಿರುಗಿ ನೋಡಿತು. “ಹದಿನಾಲ್ಕು ಮಂದಿ ರಕ್ತ ಹೊರಗೈತಿ ಅಲ್ಲಿ!”

“ತಂಗೀ, ದನಿ ಇಳಸು.”

“ಇಳಸೂದಿಲ್ಲ. ಸರೀರಿ ಆ ಕಡೆ!”

ಗಡಿಯಾರ ಸರಿಪಡಿಸಿ, ಮೊದಲೇ ತೆಗೆದಿಟ್ಟ ನಕಲಿನಿಂದ ಹಳೆಯ ಸರತಿಯನ್ನು ಎಬ್ಬಿಸಿದಳು. ನೀರು ಕೇಂದ್ರ ಮುಟ್ಟುವಷ್ಟರಲ್ಲಿ ನಲವತ್ತಾರು ನಿಮಿಷ ಕಳೆದಿತ್ತು. ಉಳಿದವರಿಗೆ ನೀರು ಸಾಲಲೆಂದು ರಜಿಯಾ ಮೂವರ ಡಯಾಲಿಸಿಸ್ ಅರ್ಧಕ್ಕೇ ನಿಲ್ಲಿಸಿ, ರಕ್ತವನ್ನು ಮೈಗೆ ಮರಳಿಸಿ, ಬಾತ ಕಾಲುಗಳ ಸಮೇತ ದೊಡ್ಡಾಸ್ಪತ್ರೆಗೆ ಕಳಿಸಿದ್ದಳು.

ಸಂಜೆ ಸಂಕನೂರರು ವರದಿಯ ನಮೂನೆಯನ್ನು ಅವಳ ಮುಂದೆ ಸರಿಸಿದರು. “ಬರೀಲಿಕ್ಕೆ ಏನೂ ಇಲ್ಲವ್ವ. ಸಹಿ ಹಾಕಿದ್ರ ಆತು.”

ಹೌದು, ಬರೆಯಲು ಏನೂ ಇರಲಿಲ್ಲ. 2025ರಲ್ಲಿ ರೂಪಿಸಿದ ನಮೂನೆ ಅದು. ಕಾರಣದ ಜಾಗದಲ್ಲಿ ‘ತಾಂತ್ರಿಕ ದೋಷ’ ಎಂದು ಆಗಲೇ ಅಚ್ಚು ಹಾಕಿಸಿದ್ದರು. ಯಾರಿಂದ ಎಂದು ಬರೆಯಲು ಒಂದು ಗೆರೆಯನ್ನೂ ಬಿಟ್ಟಿರಲಿಲ್ಲ.

ನೀಲಾಂಬಿಕಾ ಆ ಎರಡು ಪದಗಳನ್ನು ಕಾಗದ ಹರಿಯುವಂತೆ ಹೊಡೆದುಹಾಕಿದಳು. ಅಂಚಿನಲ್ಲಿ ಮೊದಲು ಸಂಕನೂರರ ಹೆಸರು ಬರೆದಳು, ಅದರ ಕೆಳಗೆ, ಕೈಚಕ್ರ ಬಿಚ್ಚಿಸಿದ್ದಕ್ಕೆ, ತನ್ನದು.